ಸುರಪುರದಲ್ಲಿ ನಾವು ನಿಧಿ ಎತ್ತಿದ್ದು

ಚಂದಾ ಎತ್ತುವುದು ಎಂದರೆ ನಮ್ಮ ಕಡೆ ಕೂಸಿಗೂ ಗೊತ್ತು. ಗೊತ್ತಿರುವುದೇ ತೊಂದರೆ. ಏಕೀಕರಣವಾದ ಹೊಸದರಲ್ಲಿ, ಕಲಬುರಗಿಯಲ್ಲಿ ಕಾಲೇಜು ಓದುತ್ತಿದ್ದ ನಾವು ಹಾಸ್ಟೆಲಿನ ಹುಡುಗಿಯರು ಒಂದು ಸಂಘ ಕಟ್ಟಿಕೊಂಡಿದ್ದೆವು. ಬಡ ಬಾಣಂತಿಯರಿಗೆ ಕಬ್ಬಿಣದ ಮಂಚ ಕೊಡಿಸುತ್ತೇವೆಂದು ರಜೆಯಲ್ಲಿ ಒಂದು ವಾರ ಊರೂರಲ್ಲಿ ನಾಟಕ ಆಡಿ ಚಂದಾ ಎತ್ತಲು ಹೊರಟೆವು. ಯಾದಗಿರಿಯಲ್ಲಿ ನಮ್ಮನ್ನು ಕಂಡೊಡನೆ ಅಂಗಡಿಯವರಿಗೆಲ್ಲ ಊಟ, ನಿದ್ದೆ, ಹೊಟ್ಟೆನೋವು ಒಟ್ಟಿಗೇ ಬಂದವು. ಶಹಾಪುರದಲ್ಲಿ ನಮ್ಮ ನಾಟಕ ನೋಡಲು ಬಂದವರಿಗಿಂತ ಆಡುವವರೇ ಹೆಚ್ಚಿದ್ದೆವು. ನನಗೋ ಮೈಯೆಲ್ಲ ಉರಿ.

ನಾಟಕದ ರಾಜ ನನ್ನ ಕೋಣೆಯ ಗೆಳತಿ, ಕಕ್ಕೇರಾದ ರೈತನ ಮಗಳು. ಅವಳು ಮೀಸೆ ಅಂಟಿಸಿಕೊಂಡದ್ದು ಚೆಂದಕ್ಕಲ್ಲ, ಅಪ್ಪನ ಭಯಕ್ಕೆ. "ಮಂದಿ ಮುಂದ ಕುಣಿದಿ ಅಂತ ನನ್ನ ಕಿವಿಗಿ ಬಿತ್ತಂದ್ರ ಕಾಲೇಜು ಬಂದ್, ಮದಿವಿ ಚಾಲೂ" ಎಂದು ಆತ ಮೊದಲೇ ಹೇಳಿಟ್ಟಿದ್ದ. ಹುಣಸಗಿಯಲ್ಲಿ ವರನೂ ತಯಾರಿದ್ದ.

ಸುರಪುರಕ್ಕೆ ಬಂದಾಗ ಮೈಸೂರು ಕಡೆಯ ನಮ್ಮ ವಾರ್ಡನ್ ಅಕ್ಕೋರಿಗೆ ಉಪಾಯ ಹೊಳೆಯಿತು. "ಚಂದಾ ಅಂದ್ರೆ ಜನ ಓಡಿಹೋಗ್ತಾರೆ ಕಣ್ರೇ. ನಿಧಿ ಅನ್ನಿ, ಗೌರವವಾಗಿರುತ್ತೆ." ನಾನೇ ಓಡಿಹೋಗಿ ಡಂಗುರದವನಿಗೆ ಹೇಳಿದೆ. ಅವನು ಚಂದಾ ತೆಗೆದು ನಿಧಿ ಹಾಕಿದ, ಉಳಿದ ಮಾತನ್ನು ಇದ್ದ ಹಾಗೇ ಬಿಟ್ಟ.

"ಕೇಳ್ರಪ್ಪೋ ಕೇಳ್ರಿ! ಕಾಲೇಜಿನ ಹೆಣ್ಣುಮಕ್ಕಳು ಇವತ್ತ ಸಂಜಿಕ ಸಾಲಿ ಬಯಲಾಗ ನಿಧಿ ಎತ್ತತಾರಂತ್ರೋ!"

ಅರಸರು ಹೂತಿಟ್ಟ ಬಂಗಾರದ ಮಾತು ಕೇಳುತ್ತಲೇ ಬೆಳೆದ ಊರದು. ಇನ್ನು ಕೇಳಬೇಕೆ! ಸಂಜೆ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಬುಟ್ಟಿ ತಂದಿದ್ದರು. ನಮ್ಮ ನಾಟಕಕ್ಕೆ ಇಷ್ಟು ಮಂದಿಯೇ ಎಂದು ನಾವು ಪರದೆಯ ಹಿಂದೆ ಕುಣಿದಾಡಿದೆವು. ಬುಟ್ಟಿ ಯಾಕೆಂದು ಒಬ್ಬಳಾದರೂ ಕೇಳಲಿಲ್ಲ, ನಮ್ಮ ಓದಿಗಿಷ್ಟು ಬೆಂಕಿ ಹಾಕ!

ಗೆಳತಿ ಠೀವಿಯಿಂದ ನಡೆದುಬಂದು ಕತ್ತಿ ಎಳೆದಳು. "ಯಪ್ಪಾ!" ಎಂದು ಅಲ್ಲೇ ನಿಂತುಬಿಟ್ಟಳು. ಎದುರಿಗೇ ಅವಳ ಅಪ್ಪ ಕೂತಿದ್ದ. ಸಂತೆಗೆ ಬಂದವನು ಡಂಗುರ ಕೇಳಿ, ಯಾರದೋ ಹಾರೆ ಇಸಕೊಂಡು, ಕಂಬಳಿಯಲ್ಲಿ ಮುಚ್ಚಿಟ್ಟುಕೊಂಡಿದ್ದ. ರಾಜನ ಗಾಬರಿಯೂ ನಾಟಕವೇ ಎಂದು ಜನ ಚಪ್ಪಾಳೆ ತಟ್ಟಿದರು.

"ನಾಟಕ ಸಾಕವ್ವಾ, ನಿಧಿ ಎಲ್ಲೈತಿ ತೋರಸ್ರಿ!" ಎಂದು ಒಬ್ಬ ಮುದುಕಿ ಕೂಗಿದಳು.

ಅಕ್ಕೋರು ಮುಂದೆ ಬಂದು ಕೈ ಮುಗಿದರು. "ನಿಧಿ ನಿಮ್ಮ ಹತ್ತಿರಾನೇ ಇದೆ. ನೀವೇ ಕೊಡಬೇಕು."

ಹೆಂಗಸರು ತಮ್ಮ ಖಾಲಿ ಬುಟ್ಟಿಯೊಳಗೆ ಇಣುಕಿದರು. ಆಮೇಲೆ ಮುದುಕಿಯೇ ಹಣೆ ಬಡಿದುಕೊಂಡಳು. "ಅಯ್ಯ ಇವರ! ಚಂದಾ ಕೇಳಾಕತ್ತಾರ!" ಆಗ ಎದ್ದ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬಂಗಾರಕ್ಕೆಂದು ತಂದ ತನ್ನ ಬುಟ್ಟಿಗೆ ಮೊದಲು ಅವಳೇ ಕಾಸು ಹಾಕಿ ಪಕ್ಕದವಳಿಗೆ ದಾಟಿಸಿದಳು. ಮಂಚಕ್ಕೆ ಸಾಲುವುದಿರಲಿ, ಹಾಸಿಗೆಗೂ ಆಯಿತು.

ಪರದೆಯ ಹಿಂದೆ ನಮ್ಮಿಬ್ಬರೆದುರು ಅವಳ ಅಪ್ಪ ಬಂದು ನಿಂತ.

"ಕುಣಿದೆಲ್ಲ ಮಂದಿ ಮುಂದ?"

"ಕುಣಿದ್ನಿ," ಎಂದಳು ಗೆಳತಿ. "ನೀ ಹಾರಿ ಯಾಕ ತಂದಿ?"

ಆತ ಹಾರೆ ನೋಡಿದ, ನನ್ನನ್ನು ನೋಡಿದ. "ದನ ಕಟ್ಟಾಕ."

"ಅವ್ವಗ ಹಂಗ ಹೇಳ್ಲಿ?"

"ಅಕಿಗಿ ಏನೂ ಹೇಳಬ್ಯಾಡ."

"ನನ್ನ ಕಾಲೇಜು?"

"ಹೋಗು."

"ಹುಣಸಗಿಯಾವ?"

ಆತನ ತುಟಿ ತಡೆಯದೆ ಅರಳಿತು. "ನನ್ನ ಸಂಗಟಾನ ಸಂತಿಗಿ ಬಂದಾನ. ಗುದ್ದಲಿ ತರಾಕ ಹೋಗ್ಯಾನ," ಎಂದ. "ಬರ್ಲಿ, ಈ ಮದಿವಿ ಬ್ಯಾಡಂತ ಹೊಳ್ಳಿ ಕಳಸ್ತೇನಿ."

ಗೆಳತಿ ಮಣ್ಣಿನಲ್ಲೇ ಕುಸಿದು ಕೂತು, ನಗಬೇಕೆಂದು ಬಾಯಿ ತೆರೆದವಳು ಗಳಗಳನೆ ಅತ್ತಳು.