ಎಡಕ್ಕೆ ವಾಲಿದ ಅಕ್ಷರ

ಎನಾಮಲ್ ಬಣ್ಣಕ್ಕೆ ಸೀಮೆಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಪಾಂಡವಪುರದ ನಮ್ಮ ಮನೆಯಂಗಳ ಆಮೇಲೆ ನೆನಪಾಗುತ್ತದೆ. ಆ ಅಂಗಳ ರಸ್ತೆಯ ಪಾಲಾಗಿ ವರ್ಷಗಳಾದವು. ಅಲ್ಲಿ ಅಪ್ಪ ಕಬ್ಬಿನ ಟ್ರೈಲರುಗಳ ಮೇಲೆ ಹೆಸರು ಬರೆಯುತ್ತಿದ್ದರು. ಸೀಮೆಸುಣ್ಣ ಉಜ್ಜಿದ ದಾರದ ಒಂದು ತುದಿಯನ್ನು ಅಕ್ಕ ಹಿಡಿದರೆ, ಅಪ್ಪ ಅದನ್ನು ಚಿಮ್ಮಿಸಿ ಓರೆಗೆರೆಗಳನ್ನು ಮೂಡಿಸುವರು. ಮೇಲೆ ಎಷ್ಟು ಧೂಳು ಕೂತರೂ ದೂರಕ್ಕೆ ಕಾಣಲೆಂದು ಅಕ್ಷರಗಳು ದಪ್ಪ, ತಲೆಕಟ್ಟು ಇನ್ನೂ ದಪ್ಪ. ಓಡುವ ಗಾಡಿಗೆ ಮಾತ್ರ ಓರೆ ಅಕ್ಷರ. ದಿನಸಿ ಅಂಗಡಿಯವನೊಬ್ಬ ತನ್ನ ಬೋರ್ಡಿಗೂ ಅದೇ ಬೇಕೆಂದಾಗ, "ನಿನ್ನಂಗಡಿ ಎಲ್ಲಿಗ್ಲಾ ಓಡೋದದು? ನೆಟ್ಟಗೆ ನಿಂತ್ಕಳ್ಲಿ ಬುಡು" ಅಂದಿದ್ದರು.

ಟ್ರೈಲರಿನ ಬಲಮಗ್ಗುಲಲ್ಲಿ ಅವರ ಅಕ್ಷರ ಬಲಕ್ಕೆ ವಾಲುತ್ತಿತ್ತು, ಎಡಮಗ್ಗುಲಲ್ಲಿ ಎಡಕ್ಕೆ. ಎರಡೂ ಕಡೆ ಗಾಡಿ ಹೋಗುವ ದಿಕ್ಕಿಗೇ. ಇಷ್ಟು ಸರಳವಾದದ್ದು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನನಗೆ ಹೊಳೆಯಲಿಲ್ಲ. ರಜೆಗೆ ಬಂದವನು ಗಿರಾಕಿಯ ಎದುರಿಗೇ, "ಅಪ್ಪ, ಓರೆ ಅಕ್ಷರ ಯಾವಾಗ್ಲೂ ಬಲಕ್ಕೇ ವಾಲ್ಬೇಕು. ಯಾವ್ ಪುಸ್ತಕ ಬೇಕಾರೂ ನೋಡು. ಇದು ತಪ್ಪು" ಅಂದೆ.

ಗಿರಾಕಿ ಬೀಡಿ ಎಸೆದು ಎದ್ದುನಿಂತ. "ಓದಿರೋ ಮಗ ಯೋಳ್ತಾವ್ನಲ್ಲಣ್ಣ, ಅಂಗೇ ಬರ್ದ್ಬುಡು. ನಮ್ ಗಾಡಿ ನೋಡಿ ಜನ ನಗ್ಬಾರ್ದು."

ಅಪ್ಪ ಎಡಮಗ್ಗುಲಲ್ಲಿ ಇನ್ನೂ ಹಸಿಯಿದ್ದ ಹೆಸರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಬಲಕ್ಕೆ ವಾಲಿಸಿ ಬರೆದರು. ಹಾಗೆಂದು ನನ್ನ ನೆನಪು. ನಕ್ಕರೇ? ನನ್ನ ಕಡೆ ನೋಡಿದರೇ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನಗೆ ಅನುಕೂಲವಾದದ್ದನ್ನೇ ಅದು ಉಳಿಸಿಕೊಂಡಿರಬಹುದು.

ಹೋದ ತಿಂಗಳು ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ಒಂದು ಟ್ರೈಲರು ನನ್ನನ್ನು ದಾಟಿ ಹೋಯಿತು. ಎಡಮಗ್ಗುಲಲ್ಲಿ ಬಲಕ್ಕೆ ವಾಲಿದ, ಕಂಪ್ಯೂಟರಿನ ದಪ್ಪ ಓರೆ ಅಕ್ಷರ. ಗಾಡಿ ಮುಂದೆ ಹೋಗುತ್ತಿತ್ತು, ಹೆಸರು ಹಿಂದಕ್ಕೆ ಜಗ್ಗುತ್ತಿತ್ತು, ಹಗ್ಗ ಕಟ್ಟಿ ಎಳೆದೊಯ್ಯುವ ಕರುವಿನಂತೆ. ನಿಮ್ಮೂರ ಗಾಡಿಗಳಲ್ಲೂ ನೋಡಿ, ಹೀಗೇ ಇರುತ್ತದೆ. ನಾನು ನೇರ ಅಂಥ ಅಕ್ಷರ ಕತ್ತರಿಸಿ ಅಂಟಿಸುವ ಸ್ಟಿಕ್ಕರ್ ಅಂಗಡಿಯೊಂದಕ್ಕೆ ಹೋಗಿ ರೇಗಿದೆ. ಅಲ್ಲಿದ್ದ ಹೆಂಗಸು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಇದ್ರಲ್ಲಿ ಇರೋದೇ ಅಂಗೆ ಸಾ. ಇಷ್ಟ್ ದಿನ ಯಾರೂ ಕೇಳ್ನಿಲ್ಲ, ನಿಮ್ದೊಂದು" ಅಂದಳು. ಅವಳ ಮೇಲೆ ಕೂಗಾಡುವ ಯೋಗ್ಯತೆ ನನಗೆಲ್ಲಿತ್ತು?

ಆ ಸಂಜೆ ನಾಗಮಂಗಲದಲ್ಲಿರುವ ಅಕ್ಕನಿಗೆ ಫೋನು ಮಾಡಿ, ಅವತ್ತು ಅಪ್ಪ ಏನಾದರೂ ಅಂದಿದ್ದರಾ ಎಂದು ಕೇಳಿದೆ.

"ಏನೂ ಅನ್ನಿಲ್ಲ ಕಣ್ಲಾ" ಅಂದಳು. "ಆದ್ರೆ ಆಮೇಕೆ ಅಪ್ಪ ಟ್ರೈಲರಿನ ಎಡಮಗ್ಗುಲು ಮುಟ್ನೇ ಇಲ್ಲ. ಬಲಗಡೆ ತಾನು ಬರ್ದು, ಎಡಗಡೆ ಬಲಕ್ಕೆ ವಾಲ್ಸಿ ಬರ್ಯಕ್ಕೆ ಕೆ.ಆರ್. ಪೇಟೆಯಿಂದ ಬೇರೆ ಪೇಂಟರ್ನ ಕರೆಸೋದು. ಕೊನೇವರ್ಗೂ ಅಂಗೇಯ. ನಿಂಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಮೈಸೂರಿನ ಹಾಸ್ಟೆಲಿಗೆ ಹಿಂತಿರುಗಿದ್ದೆ; ಆಮೇಲೆ ರಜೆಗೆ ಬಂದಾಗಲೂ ಎಡಮಗ್ಗುಲಿಗೆ ಹೋಗಿ ನೋಡಿದವನಲ್ಲ.