ಬೆನ್ನು ತುಳಿಯಲು ತಂದ ಸೊಸೆ

ವಸೀಲಾಳನ್ನು ಅವಳ ಅತ್ತೆ ಶೆಲ್ಬಿಯಾ ಆರಿಸಿಕೊಂಡದ್ದು ಹಮ್ಮಾಮಿನಲ್ಲಿ. ಕೈರುವಾನ್ ಪಟ್ಟಣದ ಹೆಂಗಸರು ಊರಿನ ಈ ಸಾರ್ವಜನಿಕ ಸ್ನಾನದ ಮನೆಯಲ್ಲಿ ಸೊಸೆ ಹುಡುಕುವುದು ಹೊಸದೇನಲ್ಲ. ಬೇರೆಯವರು ಕೂದಲು, ಹಲ್ಲು, ಮೈಬಣ್ಣ ನೋಡುತ್ತಿದ್ದರು. ಶೆಲ್ಬಿಯಾ ಮಾತ್ರ ಬಿಸಿ ಕಲ್ಲಿನ ಮೇಲೆ ಬೋರಲು ಮಲಗಿ, "ಮಗಳೇ, ಒಂಚೂರು ಬೆನ್ನು ತುಳಿಯಮ್ಮ, ಪುಣ್ಯ ಬರುತ್ತೆ" ಎಂದು ಒಬ್ಬೊಬ್ಬ ಹುಡುಗಿಯನ್ನೂ ಕರೆಯುತ್ತಿದ್ದಳು. ಒಬ್ಬಳು ಭಾರ, ಇನ್ನೊಬ್ಬಳ ಹಿಮ್ಮಡಿ ಒರಟು, ಮತ್ತೊಬ್ಬಳಿಗೆ ನಗು ತಡೆಯದು. ಹತ್ತೊಂಬತ್ತರ ವಸೀಲಾ ಕಡ್ಡಿಯಂತಿದ್ದಳು. ಗೋಡೆ ಹಿಡಿದು ಸೊಂಟದಿಂದ ಭುಜದವರೆಗೆ ಮೆತ್ತಗೆ ನಡೆದು ಇಳಿದಳು. ಮುಂದಿನ ವಾರ ಶೆಲ್ಬಿಯಾ ಮಗ ನೂರಿಗೆ ಹೆಣ್ಣು ಕೇಳಲು ಬಂದಳು. ತನ್ನ ಕಣ್ಣು ಚೆನ್ನಾಗಿದೆ ಎಂದೇ ಒಪ್ಪಿದರೆಂದು ಹುಡುಗಿ ತಿಳಿದಳು.

ಶೆಲ್ಬಿಯಾ ಒಂಬತ್ತನೇ ವಯಸ್ಸಿಗೆ ಮಗ್ಗದ ಮುಂದೆ ಕೂತವಳು. ನಲವತ್ತು ವರ್ಷ ಬಗ್ಗಿ ರತ್ನಗಂಬಳಿಗೆ ಗಂಟು ಹಾಕಿದ್ದಳು. ಹಗಲೆಲ್ಲ ಹೇಗೋ ನಡೆಯುತ್ತಿತ್ತು. ಬೆಳಗಿನ ಹೊತ್ತು ಮಾತ್ರ ಬೆನ್ನು ಹಲಗೆಯಾಗಿಬಿಡುತ್ತಿತ್ತು. ಮಲಗುತ್ತಿದ್ದದ್ದು ತನ್ನ ಮದುವೆಯ ಉಣ್ಣೆ ಹಾಸಿಗೆಯ ಮೇಲೆ. ಮಧ್ಯದಲ್ಲಿ ಅದು ಗುಂಡಿ ಬಿದ್ದಿತ್ತು. ಬಿಚ್ಚಿ, ಉಣ್ಣೆ ಒಗೆದು, ಬಡಿದು, ಮತ್ತೆ ತುಂಬಿಸೋಣ ಎಂದರೆ, "ನಮ್ಮಮ್ಮ ಕೈಯಾರೆ ತುಂಬಿದ್ದು, ಮುಟ್ಟಬೇಡಿ" ಎನ್ನುತ್ತಿದ್ದಳು. ಬಿಸಿ ತೌಡಿನ ಚೀಲ, ಆಲಿವ್ ಎಣ್ಣೆ ಎಲ್ಲ ಆಗಿತ್ತು. ಹಿಡಿತ ಬಿಡುತ್ತಿದ್ದದ್ದು ತುಳಿಸಿಕೊಂಡಾಗ ಮಾತ್ರ, ಅದೂ ಒಂದೆರಡು ಗಂಟೆ.

ಮದುವೆಯಾದ ಮೂರನೇ ಬೆಳಗ್ಗೆಯೇ ಬಾಗಿಲ ಹೊರಗಿಂದ ಕೂಗು ಬಂತು. "ಏಳೇ ಹುಡುಗಿ, ನನ್ನ ಬೆನ್ನು ಸತ್ತುಹೋಗಿದೆ."

ಅಂದಿನಿಂದ ದಿನವೂ ಅದೇ. ಅತ್ತೆಗೆ ತಕ್ಕಡಿ ಬೇಕಿರಲಿಲ್ಲ. ಸೊಸೆ ಹತ್ತಿ ನಿಂತ ಕೂಡಲೇ ಕೇಳುತ್ತಿದ್ದಳು: "ನಿನ್ನೆ ಏನು ತಿಂದೆ?"

"ಎಲ್ಲರೂ ತಿಂದದ್ದೇ, ಅತ್ತೆ."

"ಸುಳ್ಳು. ಅರ್ಧ ರೊಟ್ಟಿ ಜಾಸ್ತಿ ತಿಂದಿದ್ದೀಯ. ನನ್ನ ಬೆನ್ನಿಗೆ ಗೊತ್ತಾಗ್ತಿದೆ."

ರೊಟ್ಟಿ ಮುರಿಯುವುದು ಅತ್ತೆಯ ಕೈಯಲ್ಲೇ ಇತ್ತು. ವಸೀಲಾಳ ಪಾಲು ದಿನೇದಿನೇ ಸಣ್ಣದಾಯಿತು. ನೂರಿ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಹೊರಟುಬಿಡುತ್ತಿದ್ದ. ಹೆಂಡತಿ ಹೇಳಿಕೊಂಡರೆ, "ಅಮ್ಮ ಜೀವಮಾನ ದುಡಿದಿದ್ದಾಳೆ, ಐದು ನಿಮಿಷದ ಕೆಲಸ ತಾನೇ" ಎಂದು ಬೀಗದ ಕೈ ಹುಡುಕುತ್ತಿದ್ದ.

ಬಸುರಾದಾಗ, ಐದನೇ ತಿಂಗಳಲ್ಲಿ, ತಲೆ ಸುತ್ತುತ್ತದೆ, ತುಳಿಯಲಾರೆ ಎಂದು ಬೇಡಿಕೊಂಡಳು.

"ಇಬ್ಬರ ಭಾರ ಹೊರೋಳು ನಾನು. ನಿನಗೇನು ಕಷ್ಟ?" ಎಂದಳು ಅತ್ತೆ. ಭಾರ ಸರಿದೂಗಿಸಲು ರೊಟ್ಟಿಯಲ್ಲಿ ಇನ್ನೊಂದು ತುಂಡು ಕಡಿಮೆಯಾಯಿತು.

ಮಗು ಬೆಕ್ಕಿನ ಮರಿಯಷ್ಟೇ ಚಿಕ್ಕದಾಗಿ ಹುಟ್ಟಿ ಒಂಬತ್ತೇ ದಿನ ಬದುಕಿತ್ತು. ಹೂತು ಬಂದ ನಾಲ್ಕನೇ ಬೆಳಗ್ಗೆ ಬಾಗಿಲ ಹೊರಗಿಂದ ಮತ್ತೆ ಕೂಗು ಬಂತು. ವಸೀಲಾ ಎದ್ದು ಹೋಗಿ ತುಳಿದಳು. ಎದೆಯ ಹಾಲು ಅಂಗಿ ತೋಯಿಸಿ ಅತ್ತೆಯ ಬೆನ್ನ ಮೇಲೆ ತೊಟ್ಟಿಕ್ಕಿತು. "ಏನೇ ಇದು, ಒರೆಸು" ಎಂದಳು ಶೆಲ್ಬಿಯಾ.

ಎರಡು ವರ್ಷದ ಮೇಲೆ ಅತ್ತೆಯ ನೋವು ಮಿತಿ ಮೀರಿತು. ನೂರಿ ಇಬ್ಬರನ್ನೂ ಕ್ಲಿನಿಕ್ಕಿಗೆ ಬಿಟ್ಟು ಹೋದ. ಡಾಕ್ಟರು ಎಕ್ಸ್‌ರೇ ನೋಡಿ ವ್ಯಾಯಾಮ ಕಲಿಸುವ ಹೆಣ್ಣುಮಗಳ ಹತ್ತಿರ ಕಳಿಸಿದರು. ಅವಳು ಎರಡು ಮಾತು ಆಡುವಷ್ಟರಲ್ಲೇ ಶೆಲ್ಬಿಯಾ, "ಮಾತ್ರೆ ಕೊಡೋಳಲ್ಲ, ಸೂಜಿ ಚುಚ್ಚೋಳಲ್ಲ, ಇವಳ ಹತ್ತಿರ ಏನು ಕೆಲಸ" ಎಂದು ಹೊರಗಿನ ಬೆಂಚಿಗೆ ಹೋಗಿ ಕೂತಳು. ಹೇಳಬೇಕಾದದ್ದನ್ನೆಲ್ಲ ಆಕೆ ಸೊಸೆಗೆ ಹೇಳಿದಳು.

"ಮೂಳೆ ತೆಳ್ಳಗಾಗಿದೆ, ಯಾರೂ ಬೆನ್ನ ಮೇಲೆ ನಿಲ್ಲಬಾರದು. ಹಾಸಿಗೆ ಬಿಚ್ಚಿ ಗಟ್ಟಿಯಾಗಿ ತುಂಬಿಸಿ. ಮಲಗುವಾಗ ಮಂಡಿ ಕೆಳಗೆ ದಿಂಬು ಇರಲಿ. ಎಚ್ಚರವಾದ ತಕ್ಷಣ ದಡಕ್ಕನೆ ಏಳಬಾರದು. ಒಂದೊಂದೇ ಮಂಡಿ ಎದೆಗೆ ಎಳ್ಕೊಂಡು ಹತ್ತು ಎಣಿಸಬೇಕು. ಆಮೇಲೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಏಳಬೇಕು. ಸ್ವಲ್ಪ ಓಡಾಡಿ ಆಮೇಲೆ ಕೂರಲಿ. ಪೂರ್ತಿ ಹೋಗದಿದ್ರೂ ಬೆಳಗಿನ ಹಿಡಿತ ಸಡಿಲ ಆಗುತ್ತೆ."

ನೆಲದ ಮೇಲೆ ತಾನೇ ಮಲಗಿ ಮಾಡಿ ತೋರಿಸಿ, ಚಿತ್ರವಿದ್ದ ಹಾಳೆಯನ್ನೂ ಕೊಟ್ಟಳು. ವಸೀಲಾ ಅದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡಳು.

"ಏನಂತೆ?" ಎಂದಳು ಬೆಂಚಿನ ಮೇಲಿದ್ದ ಅತ್ತೆ.

"ಬೆನ್ನ ಮೇಲೆ ಯಾರೂ ಕಾಲಿಡಬಾರದಂತೆ, ಮೂಳೆ ಮುರಿಯುತ್ತಂತೆ."

"ಮದ್ದು?"

"ವಯಸ್ಸಿಗೆ ಮದ್ದಿಲ್ವಂತೆ, ಅತ್ತೆ."

ಹಾಗೆ ಹೇಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ. ಆಡಿದ ಮೇಲೆ ಅದನ್ನು ತಿದ್ದಲೂ ಮನಸ್ಸು ಬರಲಿಲ್ಲ. ಮುರಿಯುತ್ತದೆ ಎಂಬ ಮಾತಿಗೆ ಹೆದರಿ ಶೆಲ್ಬಿಯಾ ತುಳಿಸಿಕೊಳ್ಳುವುದನ್ನು ಬಿಟ್ಟಳು. ವಸೀಲಾ ಹೊಟ್ಟೆ ತುಂಬ ತಿನ್ನತೊಡಗಿದಳು; ಎರಡು ಹೆಣ್ಣುಮಕ್ಕಳನ್ನು ಹೆತ್ತಳು. ಈಗ ಮಗ್ಗಕ್ಕೆ ಕೂರುತ್ತಿದ್ದವಳು ಅವಳೇ, ಅವಳ ಬೆನ್ನೂ ಬೆಳಿಗ್ಗೆ ಹಿಡಿಯತೊಡಗಿತ್ತು. ಹಾಳೆ ತೆಗೆದು, ಬಾಗಿಲು ಹಾಕಿಕೊಂಡು, ಚಿತ್ರದಲ್ಲಿದ್ದಂತೆ ಮಾಡಿದಳು. ತಿಂಗಳೊಳಗೆ ನೋವು ಇಳಿಯಿತು. ಒಮ್ಮೆ ನೂರಿ ನೋಡಿ, "ಅಮ್ಮನಿಗೂ ಹೇಳಿಕೊಡಬಾರದಾ?" ಎಂದ.

"ಅವರು ಕೇಳ್ತಾರಾ?" ಎಂದಳು. ಅವನು ಬೀಗದ ಕೈ ಹುಡುಕತೊಡಗಿದ.

ಒಂದು ಚಳಿಗಾಲದಲ್ಲಿ ಶೆಲ್ಬಿಯಾಗೆ ಹಾಸಿಗೆಯಿಂದ ಏಳುವುದೇ ಆಗಲಿಲ್ಲ. ಮುದುಕಿ ಮಗುವಿನಂತೆ ಅತ್ತಳು. ವಸೀಲಾಳ ಮನಸ್ಸು ಕರಗಿತು. ಅಂದು ಸಂಜೆ ಕಂಬಳಿ ಸುತ್ತಿ ಅತ್ತೆಯ ಮಂಡಿ ಕೆಳಗೆ ಇಟ್ಟಳು. ಬೆಳಿಗ್ಗೆ ಪಕ್ಕದಲ್ಲಿ ಕೂತು ಮಂಡಿ ಎದೆಗೆ ಎಳೆಸಿ, ಹೊರಳಿಸಿ, ಮೆಲ್ಲನೆ ಎಬ್ಬಿಸಿದಳು. ದಿನವೂ ಹಾಗೇ ಮಾಡುತ್ತ ಬಂದಳು. ಎರಡು ವಾರದಲ್ಲಿ ಮುದುಕಿ ಎದ್ದು ನಿಲ್ಲುವಂತಾಗಿ, ಸೊಸೆಯ ಕೈ ಹಿಡಿದು ಮುತ್ತಿಟ್ಟಳು. "ಹೊಟ್ಟೇಲಿ ಹುಟ್ಟಿದೋಳೂ ಹೀಗೆ ನೋಡ್ಕೊಳ್ಳಲ್ಲ."

ಮರುವಾರ ಒಂದು ಬೆಳಿಗ್ಗೆ ವಸೀಲಾ ಎದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ, ಅವಳಿಗಿಂತ ಮುಂಚೆ ತಾನೇ ಎದ್ದು ಶೆಲ್ಬಿಯಾ ಅಲ್ಲಿ ಕೂತಿದ್ದಳು. ಮೊದಲಿನಂತೆ ರೊಟ್ಟಿ ಮುರಿದು ಪಾಲು ಮಾಡಿಟ್ಟಾಗಿತ್ತು. ಐದು ವರ್ಷದ ಹಿರಿಮಗಳ ತೋಳು ಹಿಡಿದು ಎತ್ತಿ ನೋಡುತ್ತಿದ್ದಳು.

"ಇವಳು ಹಗುರ ಇದ್ದಾಳೆ. ಮಗು ನಿಂತರೆ ಯಾವ ಮೂಳೆ ಮುರಿಯುತ್ತೆ? ನಾಳೆಯಿಂದ ಇವಳೇ ತುಳೀಲಿ, ಉಳಿದ ನೋವೂ ಹೋಗುತ್ತೆ. ರಾತ್ರಿ ಊಟ ಕಮ್ಮಿ ಹಾಕು."

ವಸೀಲಾ ಮಗಳನ್ನು ಬಿಡಿಸಿಕೊಂಡಳು. ಅಂದು ಸಂಜೆ ಮಂಡಿ ಕೆಳಗೆ ಕಂಬಳಿ ಇರಲಿಲ್ಲ. "ಕ್ಲಿನಿಕ್ಕಿಗೆ ಹೋಗಿ ಕೇಳಿದೆ ಅತ್ತೆ. ಹಾಗೆ ಮಂಡಿ ಎಳೆದರೂ ಅಷ್ಟೆ, ಮಗು ಹತ್ತಿದರೂ ಅಷ್ಟೆ, ಸೊಂಟ ಮುರಿದು ಕಾಲು ಬಿದ್ದುಹೋಗುತ್ತಂತೆ."

ಶೆಲ್ಬಿಯಾ ನಂಬಿದಳು. ಆಮೇಲೂ ಒಂಬತ್ತು ವರ್ಷ ಬದುಕಿದಳು. ಪ್ರತಿ ಬೆಳಿಗ್ಗೆ ಆ ಗುಂಡಿ ಹಾಸಿಗೆಯಿಂದ ದಡಕ್ಕನೆ ಎದ್ದು ಚೀರುತ್ತಿದ್ದಳು. ಗೋಡೆಯ ಈಚೆ ವಸೀಲಾ ಮಂಡಿ ಎದೆಗೆ ಎಳೆದುಕೊಂಡು ಹತ್ತು ಎಣಿಸುತ್ತಿದ್ದಳು. ಚೀರಾಟದಿಂದ ಎಣಿಕೆ ತಪ್ಪಿದರೆ ಮೊದಲಿಂದ ಶುರುಮಾಡುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಮುದುಕಿ ಮೆತ್ತಗಾಗಿದ್ದಳು, ಬಂದವರಿಗೆಲ್ಲ ಸೊಸೆಯನ್ನು ಹೊಗಳುತ್ತಿದ್ದಳು. ಆಗ ನಿಜ ಹೇಳಬೇಕೆಂದರೆ ಅಷ್ಟು ವರ್ಷದ ಸುಳ್ಳನ್ನೂ ಹೇಳಬೇಕಿತ್ತು. ವಸೀಲಾ ಹೇಳಲಿಲ್ಲ. ಸತ್ತಾಗ ಮೈ ತೊಳೆದವರು ಬೆನ್ನನ್ನು ನೇರ ಮಾಡಲಾಗದೆ ಒಂದು ಮಗ್ಗುಲಾಗಿಯೇ ಹೆಣದ ಬಟ್ಟೆಯಲ್ಲಿ ಸುತ್ತಿದರು.

ಬೀದಿಯ ನೇಯುವ ಹೆಂಗಸರು ಈಗ ಬೆನ್ನುನೋವೆಂದರೆ ವಸೀಲಾಳ ಹತ್ತಿರ ಬರುತ್ತಾರೆ. ಚಾಪೆ ಹಾಸಿ ಒಬ್ಬೊಬ್ಬರಿಗೂ ತಾಳ್ಮೆಯಿಂದ ಹೇಳಿಕೊಡುತ್ತಾಳೆ, ಹಾಸಿಗೆ ಬಿಚ್ಚಿ ತುಂಬಿಸಿಯೂ ಕೊಡುತ್ತಾಳೆ. ಪಕ್ಕದ ಮನೆಯ ಮಬ್ರೂಕಾ ಒಂದು ದಿನ ಮಂಡಿ ಎದೆಗೆ ಎಳೆದುಕೊಂಡೇ ಕೇಳಿದಳು: "ಇಷ್ಟು ಸುಲಭ ಇತ್ತಾ? ಮತ್ತೆ ನಿಮ್ಮತ್ತೆ ಶೆಲ್ಬಿಯಾ ದಿನಾ ಹಾಗೆ ಕಿರುಚ್ತಿದ್ರಲ್ಲ, ಅವರಿಗೆ ಯಾಕೆ ಹೇಳಿಕೊಡಲಿಲ್ಲ?"

"ಹೇಳಿಕೊಟ್ಟಿದ್ದೆ, ಎರಡು ವಾರ," ಎಂದಳು ವಸೀಲಾ. "ಆಮೇಲೆ ಅವರು ನನಗಿಂತ ಮುಂಚೆ ಏಳೋಕೆ ಶುರುಮಾಡಿದ್ರು."

ಮಬ್ರೂಕಾ ನಕ್ಕಳು. ವಸೀಲಾ ಅವಳ ಇನ್ನೊಂದು ಮಂಡಿ ಹಿಡಿದು, ಹತ್ತರವರೆಗೆ ಎಣಿಸು ಎಂದಳು.