ರೆಫರಿಗಳನ್ನು ಓಡಿಸಿದ ಲೀಲಾಧರ ಮಾಸ್ತರರು

ನಮ್ಮ ಮಂಗಳೂರಿನಲ್ಲಿ ಫುಟ್ಬಾಲ್ ಆಡಿದವರಿಗೆ ಹಾರ ಬಿದ್ದಿದೆ, ಆಡಿಸಿದವರಿಗೆ ಬೈಗುಳ ಬಿದ್ದಿದೆ. ಆ ಬೈಗುಳಕ್ಕೆ ಹೆದರದೆ ನಿಲ್ಲುವ ರೆಫರಿಗಳ ಒಂದು ಸಣ್ಣ ಪಡೆಯನ್ನು ಈ ಊರಿಗೆ ಕಟ್ಟಿಕೊಟ್ಟವರು, ಈ ವರ್ಷ ಶಾಲೆಯ ಡ್ರಿಲ್ ಮಾಸ್ತರ ಹುದ್ದೆಯಿಂದ ನಿವೃತ್ತರಾಗುತ್ತಿರುವ ಶ್ರೀಯುತ ಲೀಲಾಧರ ಕರ್ಕೇರರು. ಅವರ ಶಿಷ್ಯನೆಂದು ಹೇಳಿಕೊಳ್ಳುವುದು ನನಗೆ ಹೆಮ್ಮೆ. ನನ್ನನ್ನು ಶಿಷ್ಯನೆಂದು ಹೇಳಿಕೊಳ್ಳುವುದು ಅವರಿಗೆ ಹೇಗೋ ಕೇಳಿಲ್ಲ.

ಬೊಕ್ಕಪಟ್ಣದ ಮೀನುಗಾರ ಮನೆತನದವರಾದ ಅವರಿಗೆ ಕಡಲಿನ ನೀರು ಇಳಿಯುವ ಹೊತ್ತು ಚೆನ್ನಾಗಿ ಗೊತ್ತು. ಮೂವತ್ತರ ದಶಕದ ಆರಂಭದಲ್ಲಿ ನಮ್ಮನ್ನು ಭಾನುವಾರಗಳಂದು ದೋಣಿಯಲ್ಲಿ ನದಿಯಾಚೆಯ ಬೆಂಗ್ರೆಯ ಮರಳತೀರಕ್ಕೆ ದಾಟಿಸಿ, ಒದ್ದೆ ಮರಳಿನ ಮೇಲೆ ಮೈದಾನದ ಗೆರೆ ಎಳೆದು, ಸರದಿಯಂತೆ ಒಬ್ಬೊಬ್ಬರನ್ನು ರೆಫರಿ ಮಾಡುತ್ತಿದ್ದರು. ಆಡುವವರು ಬರಿಗಾಲಿನವರು, ರೆಫರಿಗೆ ಮಾತ್ರ ಬೂಟು. ಆಟ ಮುಗಿದ ಮೇಲೆ ಬೂಟಿನ ಗುರುತುಗಳನ್ನು ನೋಡಿಕೊಂಡು ನಮ್ಮೊಡನೆ ನಡೆಯುತ್ತ, ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ಸುಮ್ಮನೆ ನಿಂತೆವು ಎಂದು ತೋರಿಸುತ್ತಿದ್ದರು. ಚರ್ಚಿನ ಪೂಜೆ ಮುಗಿಸಿ ಓಡಿ ಬರುವ ನನಗಾಗಿ ದೋಣಿ ಕಾಯುತ್ತಿತ್ತು. ಆಟ, ಓಟ ಎಲ್ಲ ಮುಗಿದ ಮೇಲೆ ಅವರ ಪತ್ನಿ ಮೋಹಿನಿಯಮ್ಮ ಕಟ್ಟಿಕೊಟ್ಟ ಗಂಜಿ, ಒಣಮೀನಿನ ಚಟ್ನಿ. ಬಂದರಿನ ಕಬೀರ್ ನಮ್ಮೊಡನೆ ಕಲಿಯಲು ಬಂದ ವರ್ಷ, ಅವನ ಉಪವಾಸದ ತಿಂಗಳಲ್ಲಿ ಮಾಸ್ತರರು ಓಟ ಬಿಟ್ಟು ನಿಯಮಗಳ ಪಾಠವನ್ನಷ್ಟೇ ಮಾಡಿದರು. ಗಂಜಿಯ ಪಾತ್ರೆಯನ್ನೂ ತರಲಿಲ್ಲವಾದ್ದರಿಂದ ನಮಗೆಲ್ಲ ಪುಕ್ಕಟೆ ಉಪವಾಸವಾಯಿತು.

ಜಗಳಗಂಟ ಆಟಗಾರರನ್ನು ಸಂಭಾಳಿಸುವ ಬಗೆಯನ್ನೂ ಅವರೇ ಕಲಿಸಿದರು. “ಅವನು ಬೊಬ್ಬೆ ಹಾಕಿದ್ರೆ ನೀನು ಮೆಲ್ಲ ಮಾತಾಡು ಮಾರಾಯ. ಇಬ್ರೂ ಬೊಬ್ಬೆ ಹಾಕಿದ್ರೆ ಕೇಳುವುದು ಯಾರು?” ಎನ್ನುತ್ತಿದ್ದರು.

ಯುದ್ಧ ಶುರುವಾದ ವರ್ಷ, ಊರಿನ ಟೂರ್ನಮೆಂಟಿನ ಫೈನಲಿನಲ್ಲಿ ಬಂದರಿನ ತಂಡಕ್ಕೂ ಹೆಂಚಿನ ಕಾರ್ಖಾನೆಯೊಂದರ ತಂಡಕ್ಕೂ ಪಂದ್ಯ ಬಿತ್ತು. ಮಾಸ್ತರರು ಕಬೀರನನ್ನು ರೆಫರಿಯಾಗಿ ನೇಮಿಸಿ, ತಾವು ಲೈನ್ಸ್‌ಮನ್ ಆಗಿ ಬಾವುಟ ಹಿಡಿದರು. “ಬಂದರಿನವನನ್ನು ಬಂದರಿನ ಆಟಕ್ಕೆ ಹಾಕುವುದು ಎಂತ ನ್ಯಾಯ?” ಎಂದು ಕಾರ್ಖಾನೆಯ ಕಡೆಯವರು ಕೇಳಿದರು. “ಇವನು ಪಕ್ಷ ವಹಿಸಿದ್ರೆ ನಾನು ಇನ್ನು ಕಲಿಸುವುದೇ ಇಲ್ಲ” ಎಂದರು ಮಾಸ್ತರರು. ಒಬ್ಬ ತರುಣನ ಮೇಲಿನ ನಂಬಿಕೆಗೆ ಅವರು ತಮ್ಮ ಅತ್ಯಂತ ಪ್ರೀತಿಯ ಕೆಲಸವನ್ನೇ ಪಣವಿಟ್ಟಿದ್ದರು.

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಬಂದರಿನವರು ಗೋಲು ಹೊಡೆದರು. ಕಬೀರ್ ವಿಸಿಲ್ ಊದಿ ಆಫ್‌ಸೈಡ್ ಎಂದು ಅದನ್ನು ರದ್ದು ಮಾಡಿದ. ಆಫ್‌ಸೈಡ್ ಆದರೆ ಏಳಬೇಕಾದ ಮಾಸ್ತರರ ಬಾವುಟ ಮಾತ್ರ ಎದ್ದಿರಲಿಲ್ಲ. ಕಬೀರನ ನೆರೆಮನೆಯವರೇ ಅವನನ್ನು ಸುತ್ತುವರಿದರು. “ಗುರುವಿಗೆ ಕಾಣದ್ದು ನಿನಗೆ ಎಂತ ಕಂಡದ್ದು?” ಎಂದು ಬಂದರಿನ ತಂಡದ ಕ್ಯಾಪ್ಟನ್ ನೂರ್ ಮುಹಮ್ಮದ್ ಕೇಳಿದ. ಕಬೀರ್ ಇನ್ನೆಂದಾದರೂ ವಿಸಿಲ್ ಹಿಡಿದಾನೋ ಇಲ್ಲವೋ ಎಂಬುದು ಆಗ ಮಾಸ್ತರರ ಒಂದೇ ಮಾತಿನ ಮೇಲೆ ನಿಂತಿತ್ತು.

ಅವರು ಗೆರೆ ದಾಟಿ ಒಳಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು: “ನನ್ನ ಮೊಣಕಾಲು ಕೈಕೊಟ್ಟಿತು. ನಾನು ಹಿಂದೆ ಬಿದ್ದಿದ್ದೆ, ನನಗೆ ಕಾಣಲಿಲ್ಲ. ಇವನು ಹತ್ತಿರ ಇದ್ದ, ಇವನು ಹೇಳಿದ್ದೇ ಸರಿ.”

ನೂರ್ ಮುಹಮ್ಮದ್ ತನ್ನವರನ್ನು ಕರೆದುಕೊಂಡು ಹಿಂದೆ ಸರಿದ, ಆಟ ಮುಂದುವರಿಯಿತು. ಬಂದರಿನವರು ಸೋತರು. ಮಾಸ್ತರರು ಆ ಸಂಜೆಯೇ ಬಾವುಟ ಬಿಟ್ಟರು, ಕಲಿಸುವುದನ್ನು ಬಿಡಲಿಲ್ಲ. ಅಂದು ಅವರ ಮೇಲೆ ನನಗೆ ಉಕ್ಕಿದ ಪ್ರೀತಿ ಇಂದಿಗೂ ಇಳಿದಿಲ್ಲ.

ಇನ್ನು ಮುಂದೆ ತರಬೇತಿಯ ಹೊಣೆ ಕಬೀರನದು. ಮೊನ್ನೆ ಮಾಸ್ತರರು ಅವನಲ್ಲಿ, “ನಾನು ಸುಮ್ಮನೆ ಕೂತು ನೋಡಬಹುದೋ?” ಎಂದು ಕೇಳಿದರಂತೆ. ಅವರು ಸುಮ್ಮನೆ ಕೂರುವವರಲ್ಲವೆಂದು ನಮಗೆಲ್ಲ ಗೊತ್ತು, ಕೂರುವುದು ನಮಗೆ ಬೇಕಾಗಿಯೂ ಇಲ್ಲ. ತುಂಬಿದ ಮೈದಾನದ ನಡುವೆ ನಿಂತು “ನನಗೆ ಕಾಣಲಿಲ್ಲ” ಎನ್ನುವ ಧೈರ್ಯ ನಮ್ಮಲ್ಲಿ ಒಬ್ಬೊಬ್ಬರಿಗೂ ಬರುವವರೆಗೆ ಭಗವಂತನು ಅವರಿಗೆ ಆಯುರಾರೋಗ್ಯವನ್ನು ಕೊಡಲಿ. ನಮ್ಮನ್ನು ನೋಡಿದರೆ, ಅವರು ಬಹಳ ಕಾಲ ಬಾಳಬೇಕಾದೀತು.